ಜೈನಬಿಯ ಮೂರು ತೊಲೆ ಬಾಕಿ: ದಾಳದ ಆಟಕ್ಕೆ ಒಂದು ಪಾತ್ರ ಕಟ್ಟುವುದು ಹೇಗೆ

ಬಯಲಾಟ ನೋಡಿದವರಿಗೆ ಗೊತ್ತಿರುತ್ತದೆ. ಪಾತ್ರಧಾರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಬ್ಬರಿಸುತ್ತಾ ರಂಗಕ್ಕೆ ಬರುತ್ತಾನೆ. ಆದರೆ ಬಂದ ಕೂಡಲೇ ಕಥೆ ಶುರುವಾಗಲ್ಲ. ಸಾರಥಿ ಎದುರು ನಿಂತು ಕೇಳುತ್ತಾನೆ: ತಾವು ಯಾರು? ಯಾವ ಊರು? ಇಲ್ಲಿಗೆ ಬಂದ ಕಾರಣವೇನು? ದುರ್ಯೋಧನನಂಥ ದುರ್ಯೋಧನನೂ ಇದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ಕಲಬುರಗಿಯ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಐದು ಜನ ಸೇರಿ ಒಂದು ಆಟ ಆಡುತ್ತೇವೆ. ಅದರ ಮೊದಲ ಮೆಟ್ಟಿಲೂ ಇದೇ. ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ಇದು 1974ರಲ್ಲಿ ಮೊದಲ ಸಲ ಅಚ್ಚಾಯಿತು. ಪಗಡೆಯ ಹಾಗೆ ಹಾಸು ಬೇಕೇ ಬೇಕು ಅಂತಿಲ್ಲ. ಗೆದ್ದವರು, ಸೋತವರು ಅಂತಲೂ ಇಲ್ಲ. ಒಬ್ಬರು ಕಥೆಯ ಲೋಕವನ್ನು ನಡೆಸುತ್ತಾರೆ. ಪುಸ್ತಕದಲ್ಲಿ ಅವರಿಗೆ ಡಂಜನ್ ಮಾಸ್ಟರ್ ಅನ್ನುವ ಹೆಸರಿದೆ. ನಾವು ಸಾರಥಿ ಅನ್ನುತ್ತೇವೆ, ಸದ್ಯ ಆ ಕೆಲಸ ನನ್ನದು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ನಮ್ಮ ಮನೆಯಾಕೆ, ಅಕ್ಕನ ಮಗ, ಬ್ಯಾಂಕಿನಲ್ಲಿರುವ ಗೆಳೆಯ, ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿ.

ಆಟ ನಡೆಯುವುದು ಮಾತಿನಲ್ಲಿ. "ಬಾಗಿಲಿಗೆ ಬೀಗ ಇದೆ, ಏನು ಮಾಡುತ್ತೀರಿ?" ಎಂದು ಸಾರಥಿ ಕೇಳುತ್ತಾನೆ. "ಬೀಗ ತೆಗೀತೀನಿ" ಅನ್ನುತ್ತಾಳೆ ಒಬ್ಬಳು. ಆಗುತ್ತೋ ಇಲ್ಲವೋ ಎಂಬ ಅನುಮಾನ ಇದ್ದಾಗ ಮಾತ್ರ 20 ಮುಖದ ದಾಳ ಉರುಳುತ್ತದೆ. ಬಿದ್ದ ಅಂಕಿಗೆ ಪಾತ್ರದ ಅಂಕಿ ಕೂಡಿಸಬೇಕು. ಸಾರಥಿ ಇಟ್ಟ ಗುರಿಯನ್ನು ಮುಟ್ಟಿದರೆ ಕೆಲಸ ಆಯಿತು. ಸುಲಭದ ಕೆಲಸಕ್ಕೆ ಗುರಿ 10, ನಡುಮಟ್ಟದ್ದಕ್ಕೆ 15, ಕಷ್ಟದ್ದಕ್ಕೆ 20. ಅಷ್ಟೇ. ಮುನ್ನೂರು ಪುಟದ ನಿಯಮದ ಪುಸ್ತಕದ ಬೆನ್ನುಮೂಳೆ ಈ ಎರಡು ಸಾಲು.

ಹೊಸಬರಿಗೆ ಹೆದರಿಕೆ ಹುಟ್ಟಿಸುವುದು ಪಾತ್ರದ ಹಾಳೆ. ಕ್ಯಾರೆಕ್ಟರ್ ಶೀಟ್ ಅನ್ನುತ್ತಾರಲ್ಲ, ಅದು. ಬ್ಯಾಂಕ್ ಸಾಲದ ಅರ್ಜಿಯಂತೆ ಕಾಣುತ್ತದೆ, ತುಂಬಾ ಚೌಕ, ತುಂಬಾ ಅಂಕಿ. ನಮ್ಮ ಗೆಳೆಯನೇ ಅದನ್ನು ನೋಡಿ, "ಜಾಮೀನುದಾರರ ಸಹಿ ಎಲ್ಲಿ ಬರ್ತದ?" ಎಂದು ಕೇಳಿದ್ದ. ತಮಾಷೆಗೆ ಕೇಳಿದ್ದು. ಆದರೆ ಸಾಲದ ಮಾತು ಮುಂದೆ ನಮಗೆ ಬಹಳ ಉಪಯೋಗಕ್ಕೆ ಬಂತು.

ಕೆಟ್ಟ ಪಾತ್ರಗಳು ಎರಡು

ಮೊದಲ ಕೆಟ್ಟ ಪಾತ್ರ ನನ್ನದೇ. ಆಗ ಸಾರಥಿ ಬೇರೆಯವನಿದ್ದ. ಮಳಖೇಡ ನಮ್ಮ ಜಿಲ್ಲೆಯಲ್ಲೇ ಇದೆ, ರಾಷ್ಟ್ರಕೂಟರ ರಾಜಧಾನಿ. ಅದನ್ನು ನೆನೆದು ರಾಜ್ಯ ಕಳೆದುಕೊಂಡ ಒಬ್ಬ ರಾಜಕುಮಾರನನ್ನು ಕಟ್ಟಿದೆ. ಮಂತ್ರ ಕಲಿತವನು, ಅಂದರೆ ವಿಜರ್ಡ್. ಅವನ ವಂಶ, ಗುರು, ಹಗೆ, ಪ್ರೇಮ ಎಲ್ಲ ಸೇರಿ ಹನ್ನೊಂದು ಪುಟ ಬರೆದೆ. ಮೊದಲ ಹಂತದ ವಿಜರ್ಡ್‌ಗೆ ಹಿಟ್ ಪಾಯಿಂಟ್, ಅಂದರೆ ಜೀವದ ಲೆಕ್ಕ, 6ರಿಂದ ಶುರು. ತಾಳಿಕೆ ಎಂಬ ಗುಣಕ್ಕೆ ಒಂದು ಸೇರಿ ನನ್ನವನಿಗೆ 7. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನ ಒಂದು ಬಾಣ ಸರಾಸರಿ 5 ಕೀಳುತ್ತದೆ. ಎರಡು ಬಾಣ ಬಿದ್ದವು. ಸೊನ್ನೆಗೆ ಇಳಿದವರು ಪ್ರತಿ ಸುತ್ತಿಗೂ ದಾಳ ಉರುಳಿಸಬೇಕು. 10 ಅಥವಾ ಜಾಸ್ತಿ ಬಿದ್ದರೆ ಒಂದು ಗೆಲುವು, ಕಮ್ಮಿ ಬಿದ್ದರೆ ಒಂದು ಸೋಲು. ಮೂರು ಸೋಲಾದರೆ ಸತ್ತಂತೆ. ನನಗೆ ಮೂರೂ ಸೋಲೇ ಬಿತ್ತು. ಹನ್ನೊಂದು ಪುಟದಲ್ಲಿ ಒಂದು ಸಾಲನ್ನೂ ಯಾರೂ ಓದಿರಲಿಲ್ಲ.

ಎರಡನೆಯದು ಅಕ್ಕನ ಮಗನದು. ಹೆಸರು ಕಾಳ. ಕಪ್ಪು ಕಂಬಳಿ, ಮುಖ ಕಾಣದಂತೆ ಮುಸುಕು. ತಂದೆ ಇಲ್ಲ, ತಾಯಿ ಇಲ್ಲ, ಊರಿಲ್ಲ, ಗೆಳೆಯರಿಲ್ಲ. ಯಾರ ಹಂಗೂ ಇಲ್ಲದವನು. ಅಂಕಿ ಮಾತ್ರ ಭರ್ಜರಿ. ಮೂರು ಭಾನುವಾರ ಆಡಿದೆವು. ಊರಿಗೆ ಬೆಂಕಿ ಬಿದ್ದರೂ ಕಾಳ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದ. "ಬಾರೋ" ಎಂದರೆ ಹುಡುಗನ ಉತ್ತರ: "ಯಾಕ ಬರ್ಬೇಕು ಮಾಮಾ? ಇವನಿಗ್ಯಾನ್ ಸಂಬಂಧ?" ಅವನು ಹೇಳಿದ್ದು ಸರಿಯೇ ಇತ್ತು. ಕಾಳನಿಗೆ ನಿಜವಾಗಲೂ ಸಂಬಂಧ ಇರಲಿಲ್ಲ. ಹಿಡಿದು ಎಳೆಯೋಣ ಅಂದರೆ ಸಾರಥಿಯ ಕೈಗೆ ಒಂದು ದಾರವೂ ಸಿಗಲಿಲ್ಲ.

ನನ್ನ ರಾಜಕುಮಾರನಿಗೆ ಕಥೆ ಮೊದಲೇ ಮುಗಿದಿತ್ತು. ಕಾಳನಿಗೆ ಕಥೆ ಶುರುವಾಗಲು ಜಾಗವೇ ಇರಲಿಲ್ಲ. ಆಮೇಲೆ ಸಾರಥಿಯ ಮೂರು ಪ್ರಶ್ನೆಗೆ ನಾವು ನಾಲ್ಕನೆಯದನ್ನು ಸೇರಿಸಿಕೊಂಡೆವು: ಯಾರಿಗೆ ಏನು ಬಾಕಿ?

ಓಣಿಯ ಕಿರಾಣಿ ಅಂಗಡಿಯ ಉದ್ರಿ ಖಾತೆ ನೆನೆಯಿರಿ. ಒಂದು ಹೆಸರು, ಒಂದು ಬಾಬ್ತು, ಎಷ್ಟು ಬಾಕಿ. ಅದನ್ನು ಓದಿದರೆ ಆ ಮನೆಯ ಅರ್ಧ ಕಥೆ ಗೊತ್ತಾಗುತ್ತದೆ. ಪಾತ್ರಕ್ಕೂ ಅಷ್ಟು ಸಾಕು. ಬಾಕಿ ಅಂದರೆ ದುಡ್ಡೇ ಆಗಬೇಕಿಲ್ಲ. ಕೊಟ್ಟ ಮಾತು, ಮುಚ್ಚಿಟ್ಟ ಗುಟ್ಟು, ಹಸಿದಾಗ ಯಾರೋ ಹಾಕಿದ ರೊಟ್ಟಿ, ಏನಾದರೂ ಆದೀತು. ಒಂದೇ ಷರತ್ತು, ಬಾಕಿ ಉಳಿದವರು ಬದುಕಿರಬೇಕು. ಸತ್ತವರ ಸೇಡು ತೀರಿಸಿಕೊಳ್ಳುವ ಕಥೆಗಳನ್ನು ನಾನು ಒಪ್ಪಲ್ಲ. ಸತ್ತವರು ಬಾಗಿಲು ತಟ್ಟಿ "ಎಲ್ಲಿ ನನ್ನ ದುಡ್ಡು?" ಅಂತ ಕೇಳಲಾರರು. ಭೂತವಾಗಿ ಬಂದರೆ ಬೇರೆ ಮಾತು.

ಜೈನಬಿ ಹುಟ್ಟಿದ್ದು

ಪಕ್ಕದ ಮನೆಯ ಹುಡುಗಿಗೆ ಪುಸ್ತಕದ ಎಲ್ಫ್, ಡ್ರಾಗನ್ ಯಾವುದೂ ಹಿಡಿಸಲಿಲ್ಲ. "ಅಣ್ಣಾ, ನನಗ ಗೊತ್ತಿರೋ ಯಾರರೆ ಆಗಬಹುದೇನು?" ಅಂದಳು. ಆಕೆಯ ಅಜ್ಜಿಯ ಊರು ಬೀದರ್. ಹೀಗಾಗಿ ಬಿದ್ರಿ ಕೆಲಸಕ್ಕೆ ಬಂದೆವು.

ಬಿದ್ರಿ ಪಾತ್ರೆ ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದದ್ದು. ಸತುವೇ ಜಾಸ್ತಿ. ಅದನ್ನು ಉಜ್ಜಿ, ಚಿತ್ತಾರ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕಲಸಿ ಹಚ್ಚಿದರೆ ಲೋಹ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಒಳ್ಳೆಯದು ಎಂದು ನಾಲಿಗೆಗೆ ಹಚ್ಚಿ ನೋಡಿ ಹೇಳುವ ಕಸಬುದಾರರಿದ್ದಾರೆ. ಇಂಥ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿ ನಮ್ಮ ಜೈನಬಿ. ತಮ್ಮನ ಔಷಧಕ್ಕೆಂದು ಉಸ್ತಾದರ ಪೆಟ್ಟಿಗೆಯಿಂದ ಮೂರು ತೊಲೆ ಬೆಳ್ಳಿ ತಂತಿ ಕದ್ದಳು, ಓಡಿಬಂದಳು. ಉಸ್ತಾದರು ಬದುಕಿದ್ದಾರೆ. ದೂರು ಕೊಟ್ಟಿಲ್ಲ. ಆಕೆಗೆ ಚುಚ್ಚುವುದು ಅದೇ.

ಯಾರು, ಯಾವ ಊರು, ಯಾಕೆ ಬಂದಳು, ಯಾರಿಗೆ ಬಾಕಿ, ನಾಲ್ಕೂ ಆಯಿತು. ಐದಾರು ಸಾಲು. ಇಷ್ಟಾದ ಮೇಲೆಯೇ ನಾವು ಅಂಕಿಗೆ ಕೈ ಹಾಕಿದ್ದು.

ಪಾತ್ರಕ್ಕೆ ಆರು ಗುಣಗಳಿರುತ್ತವೆ. ನಾವು ಅವಕ್ಕೆ ತಾಕತ್ತು, ಚುರುಕು, ತಾಳಿಕೆ, ಬುದ್ಧಿ, ಅರಿವು, ವರ್ಚಸ್ಸು ಎಂದು ಹೆಸರಿಟ್ಟುಕೊಂಡಿದ್ದೇವೆ. ಬುದ್ಧಿ ಮತ್ತು ಅರಿವಿನಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಮೋಡದಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕುವುದು ಬುದ್ಧಿ. ಗಾಳಿಯ ವಾಸನೆ ಹಿಡಿದು, "ಇವತ್ತು ತೊಗರಿ ಒಣಹಾಕೋದು ಬ್ಯಾಡ" ಅನ್ನುವ ಅಜ್ಜಿಯದು ಅರಿವು.

ಅಂಕಿ ಬರುವ ದಾರಿ ಮೂರು. ಒಂದು, ಆರು ಮುಖದ ನಾಲ್ಕು ದಾಳ ಉರುಳಿಸಿ, ಕಡಿಮೆ ಬಿದ್ದದ್ದನ್ನು ಬಿಟ್ಟು, ಉಳಿದ ಮೂರನ್ನು ಕೂಡಿಸುವುದು. ಹೀಗೆ ಆರು ಸಲ. ಸರಾಸರಿ 12ರ ಮೇಲೆ ತುಸು ಬರುತ್ತದೆ. ಬರೀ ಮೂರು ದಾಳ ಹಾಕಿದರೆ ಸರಾಸರಿ 10.5, ಅದರಲ್ಲಿ 18 ಬೀಳುವುದು 216 ಸಲಕ್ಕೆ ಒಮ್ಮೆ. ಎರಡು, 27 ಅಂಕ ಕೈಗೆ ಕೊಟ್ಟು, ಅದರಲ್ಲೇ ಗುಣಗಳನ್ನು ಕೊಂಡುಕೊಳ್ಳಿ ಅನ್ನುವುದು. ಮೂರನೆಯದು ಸಿದ್ಧ ಪಟ್ಟಿ: 15, 14, 13, 12, 10, 8. ಇದನ್ನು ಬೇಕಾದ ಗುಣಕ್ಕೆ ಹಂಚಿಕೊಳ್ಳಬೇಕು. ಹೊಸಬರಿಗೆ ನಾನು ಹೇಳುವುದು ಮೂರನೆಯದನ್ನೇ. ದಾಳ ಹಾಕುವುದರಲ್ಲಿ ಮಜಾ ಇದೆ, ಒಪ್ಪುತ್ತೇನೆ. ಆದರೆ ಒಬ್ಬರಿಗೆ 17 ಬಿದ್ದು ಪಕ್ಕದವರಿಗೆ 9 ಬಿದ್ದರೆ ಆರು ತಿಂಗಳು ಮುನಿಸು. ಸಿದ್ಧ ಪಟ್ಟಿಯಲ್ಲಿ ಇನ್ನೊಂದು ಒಳ್ಳೆಯದಿದೆ. ಒಂದು 8 ಕಡ್ಡಾಯ. ಯಾವುದರಲ್ಲಿ ದಡ್ಡರಾಗಬೇಕು ಎಂದು ನೀವೇ ಆರಿಸಬೇಕು.

ಜೈನಬಿಯ 8 ತಾಕತ್ತಿಗೆ ಹೋಯಿತು. 15 ಚುರುಕಿಗೆ, ಕೂದಲೆಳೆ ತಂತಿ ಕೂರಿಸುವ ಬೆರಳು ತಾನೇ? 14 ಬುದ್ಧಿಗೆ, 13 ತಾಳಿಕೆಗೆ, 12 ವರ್ಚಸ್ಸಿಗೆ, 10 ಅರಿವಿಗೆ. ನಾವು ಆಡುವುದು 2014ರ ನಿಯಮ. ಅದರಲ್ಲಿ ಮನುಷ್ಯ ಪಾತ್ರಕ್ಕೆ ಆರೂ ಗುಣದಲ್ಲಿ ಒಂದೊಂದು ಹೆಚ್ಚಿಗೆ. ಹೀಗೆ ಚುರುಕು 16 ಆಯಿತು, ತಾಕತ್ತು 9. 2024ರ ಹೊಸ ಪುಸ್ತಕದಲ್ಲಿ ಈ ಹೆಚ್ಚಿಗೆ ಅಂಕಿ ಕುಲದಿಂದ ಬರುವುದಿಲ್ಲ, ಪಾತ್ರ ಮೊದಲು ಮಾಡುತ್ತಿದ್ದ ಕಸುಬಿನಿಂದ ಬರುತ್ತದೆ. ನನಗೆ ಅದೇ ಸರಿ ಅನಿಸುತ್ತದೆ. ನಮ್ಮ ಬಳಿ ಇರುವುದು ಹಳೆ ಪುಸ್ತಕ, ಏನು ಮಾಡೋದು.

ಇಲ್ಲೊಂದು ಮುಖ್ಯ ವಿಷಯ. ಆಟದಲ್ಲಿ 16 ಎಂಬ ಅಂಕಿ ನೇರವಾಗಿ ಎಲ್ಲೂ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ 10 ಕಳೆದು, ಅರ್ಧ ಮಾಡಿ, ಅರೆ ಉಳಿದರೆ ಕೆಳಗಿನ ಅಂಕಿ ಹಿಡಿಯಬೇಕು. 16ಕ್ಕೆ ಕೂಡು 3. 9ಕ್ಕೆ ಕಳೆ 1. ಇದನ್ನು ಮಾಡಿಫೈಯರ್ ಅನ್ನುತ್ತಾರೆ. ದಾಳಕ್ಕೆ ಕೂಡಿಸುವುದು ಇದನ್ನೇ. ಅಂದರೆ 14 ಮತ್ತು 15 ಎರಡೂ ಒಂದೇ, ಎರಡಕ್ಕೂ ಕೂಡು 2. ಒಂದು ಅಂಕಿಗಾಗಿ ರಾತ್ರಿಯಿಡೀ ತಲೆ ಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡಬೇಕು.

ಮುಂದೆ ಕ್ಲಾಸ್, ಅಂದರೆ ಸಾಹಸದಲ್ಲಿ ಪಾತ್ರ ಮಾಡುವ ಕೆಲಸ. ಪುಸ್ತಕದಲ್ಲಿ 12 ಇವೆ. ಮೊದಲ ಸಲಕ್ಕೆ ಹನ್ನೆರಡನ್ನೂ ಓದಲು ಹೋಗಬೇಡಿ. ಕತ್ತಿ ಹಿಡಿಯುವ ಫೈಟರ್, ಕೈಚಳಕದ ರೋಗ್, ದೇವರ ಬಲದಿಂದ ಗಾಯ ಮಾಯಿಸುವ ಕ್ಲೆರಿಕ್, ಪುಸ್ತಕದಿಂದ ಮಂತ್ರ ಕಲಿತ ವಿಜರ್ಡ್, ಈ ನಾಲ್ಕರಲ್ಲಿ ಒಂದನ್ನು ಹಿಡಿಯಿರಿ. ಜೈನಬಿ ರೋಗ್ ಆದಳು. ಜೀವದ ಲೆಕ್ಕ ರೋಗ್‌ಗೆ 8, ತಾಳಿಕೆಯ ಕೂಡು 2, ಒಟ್ಟು 10. ಚರ್ಮದ ಅಂಗಿ 11, ಚುರುಕಿನ 3 ಸೇರಿ ಆರ್ಮರ್ ಕ್ಲಾಸ್ 14. ಶತ್ರುವಿನ ದಾಳ 14 ಮುಟ್ಟಿದರೆ ಏಟು ತಾಗುತ್ತದೆ ಎಂದು ಅರ್ಥ.

ಅವಳ ನಿಜವಾದ ಬಂಡವಾಳ ಪರಿಣತಿ. ಕಲಿತ ಕೆಲಸಕ್ಕೆ ಮೊದಲ ಹಂತದಲ್ಲಿ ಕೂಡು 2 ಸಿಗುತ್ತದೆ. ರೋಗ್ ಮಾತ್ರ ತನಗೆ ಬೇಕಾದ ಎರಡು ಕೆಲಸದಲ್ಲಿ ಅದನ್ನು ದುಪ್ಪಟ್ಟು ಮಾಡಿಕೊಳ್ಳಬಹುದು. ಜೈನಬಿ ಬೀಗ ತೆಗೆಯುವ ಸಲಕರಣೆಯಲ್ಲಿ ದುಪ್ಪಟ್ಟು ತೆಗೆದುಕೊಂಡಳು. ಚುರುಕು 3, ಪರಿಣತಿ 4, ಒಟ್ಟು 7. ಗುರಿ 15ರ ಬೀಗಕ್ಕೆ ದಾಳದಲ್ಲಿ 8 ಬಿದ್ದರೆ ಸಾಕು. 20 ಮುಖದಲ್ಲಿ ಒಂದೊಂದಕ್ಕೂ ನೂರಕ್ಕೆ 5ರ ಅವಕಾಶ. ಹಾಗಾಗಿ ಬೀಗ ತೆರೆಯುವ ಸಂಭವ ನೂರಕ್ಕೆ 65. ಏನೂ ಕಲಿಯದ, ಚುರುಕು 10 ಇರುವವನು ಗುರಿ 15ರ ಚುರುಕಿನ ಕೆಲಸಕ್ಕೆ ಕೈ ಹಾಕಿದರೆ ನೂರಕ್ಕೆ 30. ಅದೇ ಜೈನಬಿ ಗುರಿ 15ರ ಕಲ್ಲೊಂದನ್ನು ಎತ್ತಲು ಹೋದರೆ ನೂರಕ್ಕೆ 25. ಈ ಮೂರು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಪಾತ್ರ ಎಲ್ಲಿ ಮುಂದೆ ನುಗ್ಗಬೇಕು, ಎಲ್ಲಿ ಗುಂಪಿನ ಫೈಟರ್‌ನನ್ನು "ಭೀಮ್ಯಾ, ಸ್ವಲ್ಪ ಬಾರೋ" ಎಂದು ಕರೆಯಬೇಕು ಎಂಬುದು ಅದರಲ್ಲೇ ಇದೆ.

ರೋಗ್‌ನ ಇನ್ನೊಂದು ನಿಯಮವೂ ನನಗೆ ಇಷ್ಟ. ಹೊಂಚು ಹಾಕಿ ಹೊಡೆದರೆ ಮೊದಲ ಹಂತದಲ್ಲಿ ಆರು ಮುಖದ ಒಂದು ದಾಳದಷ್ಟು ಹೆಚ್ಚಿನ ಪೆಟ್ಟು. ಆದರೆ ಅದು ಸುಮ್ನೆ ಸಿಗಲ್ಲ. ನಿಮಗೆ ಏನಾದರೂ ಮೇಲುಗೈ ಇರಬೇಕು, ಇಲ್ಲವೇ ಶತ್ರುವಿನ ಐದು ಅಡಿಯೊಳಗೆ ನಿಮ್ಮವರು ಒಬ್ಬರು ನಿಂತಿರಬೇಕು. ಯಾರ ಹಂಗೂ ಬೇಡ ಎಂದು ಎಲ್ಲರೂ ಆರಿಸುವ ಕ್ಲಾಸ್ ಇದು. ಪಕ್ಕದಲ್ಲಿ ಒಬ್ಬರಿಲ್ಲದಿದ್ದರೆ ಅದರ ಅರ್ಧ ಬಲ ಹೋಯಿತು. ಕಾಳನಿಗೆ ಇದು ಗೊತ್ತೇ ಇರಲಿಲ್ಲ.

ಇನ್ನುಳಿದದ್ದು ಬೇಗ ಮುಗಿಯುತ್ತದೆ. ಹಿನ್ನೆಲೆ ಎಂಬ ಚೌಕದಲ್ಲಿ ಕುಶಲಕರ್ಮಿ ಎಂದು ಬರೆದೆವು. ಅದರಿಂದ ಎದುರಿನವರ ಮನಸ್ಸು ಓದುವುದು ಮತ್ತು ಮಾತಿನಿಂದ ಒಪ್ಪಿಸುವುದು, ಎರಡು ಪರಿಣತಿ ಬಂದವು. ಆಕೆಯ ಕಸುಬಿನ ಸಲಕರಣೆಯೂ ಬಂತು. ಒಳ್ಳೆಯವನು-ಕೆಟ್ಟವನು, ಶಿಸ್ತಿನವನು-ಪುಂಡ ಎಂದು ಒಂಬತ್ತು ಮನೆಯ ಒಂದು ಚೌಕವಿದೆ. ನಾವು ಖಾಲಿ ಬಿಡುತ್ತೇವೆ. ತಮ್ಮನಿಗಾಗಿ ಕದ್ದವಳನ್ನು ಯಾವ ಮನೆಗೆ ಹಾಕೋದು, ನೀವೇ ಹೇಳಿ.

ಶಹಾಬಾದಿನ ಡ್ವಾರ್ಫ್

ಕಾಳನನ್ನು ನಾಲ್ಕನೇ ಭಾನುವಾರ ಒಂದು ಬಸ್ ಹತ್ತಿಸಿ ಕಳಿಸಿಕೊಟ್ಟೆವು. ಅವನ ಜಾಗಕ್ಕೆ ಭೀಮ್ಯಾ ಬಂದ. ಡ್ವಾರ್ಫ್, ಅಂದರೆ ಕುಳ್ಳರ ಕುಲ, ಎತ್ತರ ನಾಲ್ಕು ಅಡಿ, ಹೆಸರು ಭೀಮ್ಯಾ. ಹುಡುಗನೇ ಇಟ್ಟ ಹೆಸರು, ಇಟ್ಟು ತಾನೇ ಐದು ನಿಮಿಷ ನಕ್ಕ.

ಪುಸ್ತಕದ ಡ್ವಾರ್ಫ್‌ಗಳು ಹಿಮದ ಬೆಟ್ಟದೊಳಗೆ ಇರುತ್ತವೆ. ನಮ್ಮವನು ಶಹಾಬಾದಿನ ಕಲ್ಲು ಗಣಿಯವನು. ನಮ್ಮ ಕಡೆ ಮನೆ ನೆಲಕ್ಕೆಲ್ಲ ಹಾಸುವ ಫರಸಿ ಕಲ್ಲು ಇದೆಯಲ್ಲ, ಆ ಗಣಿ. ನಿಯಮ ಇದಕ್ಕೆ ತಾನಾಗಿಯೇ ಹೊಂದಿಕೊಂಡಿತು. ಡ್ವಾರ್ಫ್‌ಗೆ ತಾಳಿಕೆ 2 ಹೆಚ್ಚಿಗೆ, ಕತ್ತಲಲ್ಲಿ 60 ಅಡಿ ದೂರ ಕಣ್ಣು ಕಾಣುತ್ತದೆ, ಕಲ್ಲಿನ ಕಟ್ಟಡದ ಹಿಂದುಮುಂದು ಗೊತ್ತಾಗುತ್ತದೆ. ನಡಿಗೆ ಮಾತ್ರ ನಿಧಾನ, ಬೇರೆಯವರು ಒಂದು ಸುತ್ತಿಗೆ 30 ಅಡಿ ನಡೆದರೆ ಇವನು 25. ಫೈಟರ್ ಆದ್ದರಿಂದ ಜೀವ 10, ತಾಳಿಕೆಯ 3 ಸೇರಿ 13. ಸರಪಳಿ ಕವಚ ತೊಟ್ಟು ಆರ್ಮರ್ ಕ್ಲಾಸ್ 16.

ಊರನ್ನು ಆಟದೊಳಗೆ ತರುವಾಗ ನಾವು ಒಂದು ಗೆರೆ ಎಳೆದುಕೊಂಡಿದ್ದೇವೆ. ಕಸುಬು ತರಬಹುದು, ಕಲ್ಲು, ಮಣ್ಣು, ಕೋಟೆ, ಬಿಸಿಲು, ಊಟ ತರಬಹುದು. ಬೀದರ್‌ನ ನೆಲದಡಿಯ ಕರೇಜ್ ತಂದಿದ್ದೇವೆ. ಬಹಮನಿಗಳ ಕಾಲದ ಈ ನೀರಿನ ಸುರಂಗ ಮತ್ತು ಅದಕ್ಕೆ ಮೇಲಿಂದ ಇಳಿಬಿಟ್ಟ ಬಾವಿಗಳಿಗಿಂತ ಒಳ್ಳೆಯ ಡಂಜನ್, ಅಂದರೆ ಸಾಹಸ ನಡೆಯುವ ನೆಲಮಾಳಿಗೆ, ಇಂಗ್ಲಿಷ್ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ. ಆದರೆ ಶರಣರ ಹೆಸರು, ದರ್ಗಾದ ಹೆಸರು, ಗುಡಿಯ ದೇವರ ಹೆಸರು ತರುವುದಿಲ್ಲ. ಜನ ದಿನಾ ಕೈಮುಗಿಯುವ ಹೆಸರಿನ ಮೇಲೆ ದಾಳ ಉರುಳಿಸಿ, ಒಂದು ಬಿದ್ದಾಗ ನಗುವುದು ನಮಗೆ ಸರಿ ಕಾಣಲಿಲ್ಲ. ಗೆಳೆಯನ ಕ್ಲೆರಿಕ್‌ಗೆ ಮಳೆಯ ದೇವತೆಯೊಬ್ಬಳನ್ನು ಹೊಸದಾಗಿ ಹುಟ್ಟಿಸಿದೆವು. ಮೇ ತಿಂಗಳ ಕಲಬುರಗಿಯಲ್ಲಿ ಕೂತು ಆಡುವವರಿಗೆ ಬೇರೆ ಯಾವ ದೇವತೆ ಹೊಳೆಯಬೇಕು?

ಎಲ್ಲರ ಹಾಳೆ ತುಂಬಿದ ಮೇಲೆ ಒಂದು ಸಂಜೆ ಆಟ ಆಡದೆ ಸುಮ್ನೆ ಕೂತೆವು. ಇದನ್ನು ಸೆಷನ್ ಝೀರೋ ಅನ್ನುತ್ತಾರೆ. ಯಾವ ಥರದ ಕಥೆ, ಯಾವುದು ಬೇಡ, ಯಾರು ಎಷ್ಟು ಹೊತ್ತಿಗೆ ಮನೆಗೆ ಹೋಗಬೇಕು ಎಂದು ಮಾತಾಡಿಕೊಳ್ಳುವ ಹೊತ್ತು. ನಾವು ಅದಕ್ಕೆ ನಮ್ಮದೊಂದು ಕೆಲಸ ಸೇರಿಸಿದೆವು. ಸುತ್ತ ಕೂತವರಲ್ಲಿ ಪ್ರತಿಯೊಬ್ಬರೂ ತಮ್ಮ ಎಡಗಡೆಯವರಿಗೆ ಏನಾದರೂ ಬಾಕಿ ಇರಬೇಕು. ಜೈನಬಿಯನ್ನು ಕ್ಲೆರಿಕ್ ಒಂದು ರಾತ್ರಿ ಗುಡಿಯಲ್ಲಿ ಬಚ್ಚಿಟ್ಟಿದ್ದ. ಕ್ಲೆರಿಕ್‌ಗೆ ಬೇಕಿದ್ದ ಸುಳ್ಳು ಪತ್ರವೊಂದನ್ನು ನಮ್ಮ ಮನೆಯಾಕೆಯ ವಿಜರ್ಡ್ ಬರೆದುಕೊಟ್ಟಿದ್ದಳು. ಆ ವಿಜರ್ಡ್ ಬಾವಿಗೆ ಬಿದ್ದಾಗ ಭೀಮ್ಯಾ ಎತ್ತಿದ್ದ. ಭೀಮ್ಯಾ ಕೆಲಸವಿಲ್ಲದೆ ಅಲೆಯುವಾಗ ಜೈನಬಿ ಮೂರು ದಿನ ರೊಟ್ಟಿ ಹಾಕಿದ್ದಳು. ಹತ್ತು ನಿಮಿಷದ ಕೆಲಸ. "ಅಪರಿಚಿತರು ನಾಲ್ವರು ಒಂದು ಖಾನಾವಳಿಯಲ್ಲಿ ಭೇಟಿಯಾದರು" ಎಂಬ ಸವಕಲು ಶುರುವಾತಿಗೆ ಆಮೇಲೆ ಕೆಲಸವೇ ಉಳಿಯಲಿಲ್ಲ.

ಶುರು ಮಾಡಲು ಖರ್ಚು ಕಡಿಮೆ. ಆಟದ ಮೂಲ ನಿಯಮಗಳ ಒಂದು ಕಟ್ಟು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತಿದೆ. ದಾಳ ತರಿಸುವ ಮೊದಲು ನಾವು 1ರಿಂದ 20ರವರೆಗೆ ಚೀಟಿ ಬರೆದು ಸ್ಟೀಲ್ ಲೋಟದಲ್ಲಿ ಹಾಕಿ ಎತ್ತುತ್ತಿದ್ದೆವು. ಫ್ಯಾನ್ ಹಾಕಿದರೆ ಚೀಟಿ ಹಾರುತ್ತಿತ್ತು, ಹಾಕದಿದ್ದರೆ ನಾವು ಬೇಯುತ್ತಿದ್ದೆವು. ಒಂದೇ ತಿಂಗಳಿಗೆ ದಾಳ ಬಂತು.

ಕರೇಜಿನೊಳಗೆ ಇಳಿದ ಮೂರನೇ ಭಾನುವಾರ ಜೈನಬಿ ಒಂದು ಪೆಟ್ಟಿಗೆಯ ಬೀಗ ತೆಗೆದಳು. ದಾಳ 11, ಕೂಡು 7. ಒಳಗೆ ಬೆಳ್ಳಿ ತಂತಿ ಇಟ್ಟಿದ್ದೆ, ಸರಿಯಾಗಿ ಮೂರು ತೊಲೆ. ಹುಡುಗಿ ಕುಣಿದಳು, ಉಸ್ತಾದರ ಬಾಕಿ ತೀರಿತಲ್ಲ ಅಂತ. ಅದೇ ಸಂಜೆ ಭೀಮ್ಯಾನಿಗೆ ಹಾವು ಕಚ್ಚಿತು. ಕ್ಲೆರಿಕ್‌ಗೆ ಮೊದಲ ಹಂತದಲ್ಲಿ ದೊಡ್ಡ ಮಂತ್ರ ದಿನಕ್ಕೆ ಎರಡೇ ಸಲ, ಎರಡೂ ಮುಗಿದಿದ್ದವು. ಬಾವಿಯ ಮೇಲೆ ಒಬ್ಬ ಹಕೀಮನಿದ್ದ, ಮೂರು ತೊಲೆ ಕೇಳಿದ. ಆಕೆ ಬಹಳ ಹೊತ್ತು ದಾಳವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಳು. ಆಮೇಲೆ, "ಕೊಡ್ತೀನಿ ತಗೋರಿ ಅಣ್ಣಾ" ಅಂದಳು. ದಾಳ ಉರುಳಿಸುವ ಕೆಲಸವೇ ಬರಲಿಲ್ಲ.

ಅಕ್ಕನ ಮಗ ಏನೂ ಮಾತಾಡಲಿಲ್ಲ. ತನ್ನ ಹಾಳೆ ಎಳೆದುಕೊಂಡು, "ಜೈನಬಿಗೆ ಮೂರು ದಿನದ ರೊಟ್ಟಿ" ಎಂದು ಬರೆದಿದ್ದರ ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲು ಸೇರಿಸಿದ: ಮೂರು ತೊಲೆ ಬೆಳ್ಳಿ.